ಹಿಂದಿನ ಗಾಲಿಗೂ ಕೆಲಸ

ನಮ್ಮ ಅಪ್ಪನ ವೈದ್ಯದಲ್ಲಿ ಇರುವುದು ಒಂದೇ ಔಷಧ: ಇನ್ನೊಂದು ಪಾಟಾ ಹಾಕು. ಲಾರಿ ಒಂದು ಮಗ್ಗುಲಿಗೆ ವಾಲುತ್ತಿದ್ದರೆ ಒಂದು ಪಾಟಾ ಹಾಕು, ತಗ್ಗಿನಲ್ಲಿ ಕುಕ್ಕುತ್ತಿದ್ದರೆ ಒಂದು ಪಾಟಾ ಹಾಕು, ಮಾಲಕ ಆಸೆಬುರುಕನಾಗಿದ್ದರೆ ಎರಡು ಹಾಕು. ಹತ್ತನೇ ಕ್ಲಾಸಿನಲ್ಲಿ ಗಣಿತ ತಲೆಗೆ ಹತ್ತದೆ ನಾನು ಅಳುತ್ತ ಕುಳಿತಿದ್ದಾಗ, "ತಲಿಗೊಂದು ಪಾಟಾ ಹಾಕಿಬಿಡೂಣೇನವ್ವಾ?" ಎಂದು ಕೇಳಿದ ಮನುಷ್ಯ ಆತ.

ಪಾಟಾ ಅಂದರೆ ಲಾರಿಯ ಹೊಟ್ಟೆಯ ಕೆಳಗೆ ಬಿಲ್ಲಿನಂತೆ ಬಾಗಿ ಭಾರ ಹೊರುವ ಉಕ್ಕಿನ ಪಟ್ಟಿ. ನಾವು ವಿಜಯಪುರದ ಕಡೆಯ ಕಂಬಾರರು. ಅಜ್ಜ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುತ್ತಿದ್ದ. ಅಪ್ಪ ಗೋವಾಕ್ಕೆ ಬಂದು ಅದಿರು ಲಾರಿಗಳ ಪಾಟಾ ಕಾಯಿಸಿ ಬಡಿಯುವುದಕ್ಕೆ ಇಳಿದ. ಮಡಗಾಂವದ ಮೋತಿ ಡೊಂಗರ್ ಗುಡ್ಡದ ಮೇಲೆ ನಮ್ಮ ಮನೆ, ಗುಡ್ಡದ ಬುಡದಲ್ಲಿ ತಗಡಿನ ಚಪ್ಪರದ ಕೆಳಗೆ ಅವನ ಕುಲುಮೆ. ಗಣಿಗಳು ನಿಂತ ಮೇಲೆ ಲಾರಿಗಳು ಕಡಿಮೆಯಾದವು, ಆದರೆ ಅಪ್ಪನಿಗೆ ತನ್ನ ಮೇಲಿದ್ದ ನಂಬಿಕೆ ಒಂದು ಬೆರಳಿನಷ್ಟೂ ತಗ್ಗಲಿಲ್ಲ. ಅವನಿಂದ ನನಗೆ ಬಂದ ಆಸ್ತಿಯೂ ಅದೇ. ನಾವಿಬ್ಬರೂ ಸೇರಿ ಮೂಗು ಜಜ್ಜಿಸಿಕೊಂಡದ್ದೂ ಅದರಿಂದಲೇ.

ನಾನು ವೆರ್ಣಾದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವವಳು. ಎಂಟು ವರ್ಷ ಕಂಪನಿ ಬಸ್ಸಿನ ಕಿಟಕಿಗೆ ತಲೆ ಬಡಿಸಿಕೊಂಡು ತೂಕಡಿಸಿದ ಮೇಲೆ ಒಂದು ಹಳೆಯ ಕೆಂಪು ಕಾರು ಕೊಂಡೆ. ನನ್ನ ಓಡಾಟಕ್ಕೆ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಕೊಂಡದ್ದು ಅವ್ವನಿಗಾಗಿ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಧಾರವಾಡದ ಆಚೆ ಒಂದು ಹಳ್ಳಿಯಲ್ಲಿದ್ದಾಳೆ. ವರ್ಷಕ್ಕೆ ನಾಲ್ಕು ಸಲವಾದರೂ ಅಕ್ಕನ ಮುಖ ನೋಡದಿದ್ದರೆ ಅವ್ವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನಡುವೆ ಅನಮೋಡ ಘಾಟು. ಮೂವತ್ತು ವರ್ಷ ಆಕೆ ಆ ಘಾಟನ್ನು ಬಸ್ಸಿನಲ್ಲಿ, ಮೂಗಿಗೆ ಲಿಂಬೆಹಣ್ಣು ಹಿಡಿದು, ವಾಂತಿ ಬಂದರೆ ಇರಲಿ ಎಂದು ಮಡಿಲಲ್ಲೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ದಾಟಿದ್ದಾಳೆ. ಆ ಚೀಲ ಕಿತ್ತು ಎಸೆಯಬೇಕು, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೀದಾ ಅಕ್ಕನ ಅಂಗಳದಲ್ಲಿ ಇಳಿಸಬೇಕು ಎನ್ನುವುದು ನನ್ನ ಹಟವಾಗಿತ್ತು.

ಹಾಗೆ ಮೂರು ಸಲ ಇಳಿಸಿದೆ ಕೂಡ. ನಾಲ್ಕನೆಯ ಸಲ, ಆಷಾಢದ ಮಳೆಯಲ್ಲಿ ವಾಪಸ್ ಬರುವಾಗ, ಘಾಟಿನ ಇಳಿಜಾರಿನಲ್ಲಿ ಸುಣ್ಣ ಬಳಿದ ಮೋಟು ಗೋಡೆಯೊಂದರ ತಿರುವು ಬಂತು. ಸ್ಟೇರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಗಾಡಿ ನೆಟ್ಟಗೆ ಆ ಗೋಡೆಯ ಕಡೆಗೇ ಜಾರಿತು. ಗೋಡೆ ಇನ್ನೊಂದು ಮೊಳ ಇದೆ ಅನ್ನುವಾಗ ಮುಂದಿನ ಗಾಲಿಗಳು ನೆಲ ಕಚ್ಚಿದವು, ನಾವು ಉಳಿದೆವು. ನಲವತ್ತರ ವೇಗದಲ್ಲಿದ್ದೆ ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಐವತ್ತರಲ್ಲಿದ್ದೆ.

ಅವ್ವ ಚೀರಲಿಲ್ಲ. ಕಿಟಕಿಯ ಮೇಲಿನ ಹಿಡಿಕೆಯನ್ನು ಹಿಡಿದ ಕೈಯನ್ನು ಮಡಗಾಂವ ಬರುವವರೆಗೆ ಬಿಡಲೂ ಇಲ್ಲ. ಮನೆಯ ಮುಂದೆ ಇಳಿದು ಸೆರಗು ಸರಿಮಾಡಿಕೊಂಡು, "ಗಾಡಿ ಚಲೋ ಐತಿ ಮಗಳ. ನಾ ಇನ್ನ ಇದರಾಗ ಕುಂದ್ರೂದಿಲ್ಲ" ಅಂದಳು.

ಹೇಳಿದಂತೆ ನಡೆದುಕೊಂಡಳು. ನಾಗರ ಪಂಚಮಿಗೆ ಅಕ್ಕನ ಮನೆಗೆ ರೈಲಿನಲ್ಲಿ ಹೋದಳು, ಒಬ್ಬಳೇ, ಉಂಡಿಯ ಡಬ್ಬಿಯನ್ನು ಬಗಲಲ್ಲಿ ಇರುಕಿಕೊಂಡು. ತೊಳೆದು ಮಿರಮಿರ ಮಿಂಚುವ ಕಾರು ಓಣಿಯಲ್ಲಿ ನಿಂತಿತ್ತು, ನಾನು ಕೀಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಆಕೆ ಎರಡರ ಕಡೆಗೂ ನೋಡದೆ ಗುಡ್ಡ ಇಳಿದು ಹೋದಳು. ನನಗೆ ಮೊದಲು ಅವ್ವನ ಮೇಲೆ ಸಿಟ್ಟು ಬಂತು, ಆಮೇಲೆ ಕಾರಿನ ಮೇಲೆ. ನನ್ನ ಮೇಲೆ ಬರುವ ಹೊತ್ತಿಗೆ ಅಳು ಬಂದುಬಿಟ್ಟಿತ್ತು.

ಊರಿಂದ ಬಂದ ಮೇಲೆ ಅವ್ವ ತನ್ನ ತೀರ್ಪು ಹೇಳಿದಳು. "ದಸರಾಕ್ಕ ಅಕ್ಕಗ ಬನ್ನಿ ಕೊಡಾಕ ಹೋಗಬೇಕು. ಅಷ್ಟರಾಗ ನಿಮ್ಮ ಗಾಡಿ ಹೇಳಿದ ಮಾತ ಕೇಳಿದ್ರ ಸರಿ. ಇಲ್ಲಂದ್ರ ಖಂಡೇ ಪೂಜಿಗೆ ನಾ ಅದಕ್ಕ ಕುಂಕುಮ ಹಚ್ಚೂದಿಲ್ಲ. ಮಾರಿಬಿಡು."

ಇದು ಸಣ್ಣ ಮಾತಲ್ಲ. ಮಹಾನವಮಿಯ ದಿನ ಕುಲುಮೆಯ ಸುತ್ತಿಗೆ, ಇಕ್ಕಳ, ಅಡಿಗಲ್ಲು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜಿಸುವುದೇ ಖಂಡೇ ಪೂಜೆ. ಕುಂಕುಮ ಹಚ್ಚುವ ಕೈ ಅವ್ವನದು. ಆ ದಿನ ಅವಳ ಕುಂಕುಮ ಸಿಗದ ಸಾಮಾನು ನಮ್ಮ ಮನೆಯಲ್ಲಿ ಗುಜರಿಗೆ ಹೋದ ಲೆಕ್ಕವೇ.

ಅಪ್ಪ ಕಾರಿನ ಕೆಳಗೆ ತೆವಳಿದ, ಸುತ್ತಿಗೆಯಿಂದ ಅಲ್ಲಿ ಇಲ್ಲಿ ತಟ್ಟಿ ಸದ್ದು ಕೇಳಿದ, ಎದ್ದು ಬಂದು ರೋಗದ ನಿದಾನ ಹೇಳಿದ. "ಇಂಜಿನ್ ಮುಂದ, ಗೇರಬಾಕ್ಸ್ ಮುಂದ, ಎಳಿಯೂ ಗಾಲಿನೂ ಮುಂದ. ಮುಂದ ಮೆತ್ತಗಾಗೇತಿ, ಅದಕ್ಕ ತಿರವಿನ್ಯಾಗ ಮೂಗು ಕುಸೀತೈತಿ. ಭಾರ ಎಲ್ಲೈತೋ ಪಾಟಾ ಅಲ್ಲಿ. ಮುಂದ ಗಟ್ಟಿ ಮಾಡಿಬಿಡೂದು."

ಲಾರಿಯ ಲೋಕದಲ್ಲಿ ಇದು ವೇದವಾಕ್ಯ. ನಾನೂ ತಲೆಯಾಡಿಸಿದೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲು ವಾಪಸ್ ಕಳಿಸುವವಳು ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಾರಿಗೆ ಮುಂದೆ ಪಾಟಾ ಇರುವುದಿಲ್ಲ, ಸುರುಳಿ ಸ್ಪ್ರಿಂಗ್ ಇರುತ್ತದೆ. ನನ್ನದು ಪೆಟ್ರೋಲ್ ಗಾಡಿ. ಅದೇ ಕಾರಿನ ಡೀಸೆಲ್ ತಮ್ಮನಿಗೆ ಇಂಜಿನ್ ಹೆಚ್ಚು ತೂಕ, ಹಾಗಾಗಿ ಅದರ ಸ್ಪ್ರಿಂಗೂ ಹೆಚ್ಚು ಗಟ್ಟಿ. ಅಪ್ಪ ಗುಜರಿ ಸೋಸಿ ಡೀಸೆಲ್ ಗಾಡಿಯ ಒಂದು ಜೋಡಿ ಹುಡುಕಿ ತಂದ. ಹಾಕಿ ಇಳಿಸಿದ ಮೇಲೆ ಕಾರು ಮೂಗು ಮೇಲೆತ್ತಿ ಪೊಗರಿನಿಂದ ನಿಂತಿತು.

ಆದರೆ ಅಪ್ಪನದು ಒಂದು ಪದ್ಧತಿ ಇದೆ: ರೋಗವನ್ನು ಅಳೆಯದೆ ಮದ್ದು ಕೊಡುವುದಿಲ್ಲ. ಪಾಟಾದ ಬಾಗನ್ನು ಆತ ದಾರ ಹಿಡಿದು ಅಳೆದು, ಅಳತೆಗೆ ಒಂದು ಗಂಟು ಹಾಕುತ್ತಾನೆ. ಅವನ ದಫ್ತರವೇ ಆ ದಾರ. ಹೊಸ ಸ್ಪ್ರಿಂಗ್ ಹಾಕುವ ಮುಂಚಿನ ಒಂದು ರವಿವಾರ ನಾವು ವೆರ್ಣಾಕ್ಕೆ ಹೋಗಿದ್ದೆವು. ರವಿವಾರ ಕಾರ್ಖಾನೆಗಳು ಬಂದ್, ರಸ್ತೆಗಳು ಖಾಲಿ, ಒಂದು ದೊಡ್ಡ ಸರ್ಕಲ್ಲು ನಮಗಾಗಿಯೇ ಬಿದ್ದುಕೊಂಡಿರುತ್ತದೆ. ಅಪ್ಪ ರಸ್ತೆಗೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಪಟ್ಟಿ ಎಳೆದ. ನಾನು ನಲವತ್ತರ ವೇಗದಲ್ಲಿ, ಅಪ್ಪ ಗುರುತು ಮಾಡಿದಷ್ಟೇ ಸ್ಟೇರಿಂಗ್ ತಿರುಗಿಸಿ ಹಾದು ಹೋಗಬೇಕು. ಗಾಲಿ ದಾಟಿದಲ್ಲಿ ಸುಣ್ಣ ಅಳಿಸುತ್ತದೆ. ಸರ್ಕಲ್ಲಿನ ಅಂಚುಗಲ್ಲಿನಿಂದ ಆ ಜಾಗಕ್ಕೆ ದಾರ ಹಿಡಿದು ಆತ ಮೊದಲನೆಯ ಗಂಟು ಹಾಕಿದ. ತಿರುವಿನಲ್ಲಿ ಗಾಡಿ ಎಷ್ಟು ಹೊರಗೆ ಓಡುತ್ತದೆ ಅನ್ನುವುದರ ಲೆಕ್ಕ ಅದು.

ಎದುರಿನ ಕಾರ್ಖಾನೆಯ ಗೇಟಿನಲ್ಲಿದ್ದ ಕಾವಲುಗಾರ ಕುರ್ಚಿ ಸಮೇತ ಹತ್ತಿರ ಬಂದು ಕುಳಿತ. ಬಾಗಲಕೋಟೆಯವನಂತೆ. "ಏನ್ರಿ ಯಜಮಾನ್ರ, ರಸ್ತಾದಾಗ ರಂಗೋಲಿ ಹಾಕಾಕತ್ತೀರಿ?" ಎಂದು ಕೇಳಿದ.

"ಹೌದ್ರಿ, ಗಾಡಿ ಮದಿವಿ ಐತಿ" ಅಂದ ಅಪ್ಪ.

ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಮತ್ತೆ ಅದೇ ಸರ್ಕಲ್ಲು, ಅದೇ ನಲವತ್ತು. ನನಗಂತೂ ಕೈಯಲ್ಲಿ ಗಾಡಿ ಬಿಗಿಯಾಗಿದೆ ಅನ್ನಿಸಿತು, ಒಳಗೊಳಗೇ ಹಿಗ್ಗಿದೆ. ಇಳಿದು ನೋಡಿದರೆ ಅಪ್ಪ ದಾರ ಹಿಡಿದು ಮಂಡಿಯೂರಿ ಕುಳಿತಿದ್ದಾನೆ, ಏಳುತ್ತಿಲ್ಲ. ಸುಣ್ಣ ಅಳಿಸಿದ್ದು ಮೊದಲ ಗಂಟಿನಿಂದ ನಾಲ್ಕು ಬೆರಳು ಆಚೆಗೆ. ಗಾಡಿ ಸುಧಾರಿಸುವುದಿರಲಿ, ಇನ್ನೂ ಹೊರಗೆ ಓಡಿತ್ತು.

"ನೀ ಜೋರ ಬಿಟ್ಟಿ" ಅಂದ ಅಪ್ಪ.

"ನಲವತ್ತಕ್ಕ ಬಿಟ್ಟೀನಿ."

"ಸುಳ್ಳ ಹೇಳಬ್ಯಾಡ."

ಘಾಟಿನಲ್ಲಿ ಸುಳ್ಳು ಹೇಳಿದ್ದೆ ನಿಜ, ಇಲ್ಲಿ ಹೇಳಿರಲಿಲ್ಲ. ಅದಕ್ಕೇ ಉರಿದುಹೋಯಿತು. ಮೂರು ಸಲ ಓಡಿಸಿದೆ, ಮೂರು ಸಲವೂ ಅದೇ ನಾಲ್ಕು ಬೆರಳು. "ನಿನ್ನ ಪಾಟಾ ಬುದ್ಧಿ ಲಾರಿಗಷ್ಟ ಸಾಕು" ಅಂದುಬಿಟ್ಟೆ. ಅಪ್ಪ ದಾರಕ್ಕೆ ಎರಡನೆಯ ಗಂಟು ಹಾಕಿ ಕಿಸೆಯಲ್ಲಿ ಇಟ್ಟುಕೊಂಡ. ಲಾರಿಗಳೇ ಬರದ ಕಾಲದಲ್ಲಿ ಪಾಟಾದವನಿಗೆ ಆಡಬಾರದ ಮಾತು ಅದು. ಆಡಿದ ಗಳಿಗೆಯಲ್ಲೇ ಗೊತ್ತಾಯಿತು, ಆದರೆ ಕ್ಷಮೆ ಕೇಳುವ ನಾಲಗೆಯನ್ನು ನಮ್ಮ ಮನೆತನಕ್ಕೆ ದೇವರು ಕೊಟ್ಟಿಲ್ಲ. ಎರಡು ವಾರ ಮಾತು ಬಿಟ್ಟೆವು.

ಆ ಮುನಿಸು ಮುರಿದದ್ದು ಮಹಾಲಯ ಅಮಾವಾಸ್ಯೆಯಂದು. ರವಿವಾರ ಬಿದ್ದಿತ್ತು. ಅಮಾವಾಸ್ಯೆಯ ದಿನ ನಮ್ಮವರು ಕುಲುಮೆ ಹೊತ್ತಿಸುವುದಿಲ್ಲ, ಕಬ್ಬಿಣಕ್ಕೆ ಸುತ್ತಿಗೆ ಮುಟ್ಟಿಸುವುದಿಲ್ಲ. ಉಳಿದ ದಿನ ಅಪ್ಪನ ಕೈ ಮೊದಲು ಓಡುತ್ತದೆ, ತಲೆ ಹಿಂದಿನಿಂದ ಬರುತ್ತದೆ. ಅಮಾವಾಸ್ಯೆಯಂದು ಮಾತ್ರ ಕೈ ಕಟ್ಟಿ ಹಾಕಿದ ಹಾಗೆ, ಬರೀ ನೋಡಬೇಕು. ಮುಂಜಾನೆ ಚಹಾ ಹಿಡಿದು ಓಣಿಯಲ್ಲಿ ಕಾರಿನ ಎದುರು ಕುಳಿತವನು ಚಹಾ ಆರಿಹೋದರೂ ಎದ್ದಿರಲಿಲ್ಲ. ನಾನು ಒಳಗಿಂದ ಬಿಸಿ ಚಹಾ ತಂದು ಅವನ ಪಕ್ಕಕ್ಕೆ ಇಟ್ಟೆ. ನಮ್ಮಲ್ಲಿ ಕ್ಷಮೆ ಕೇಳುವುದು ಹಾಗೆ.

"ಬಾ ಇಲ್ಲಿ, ಕೈ ಹಚ್ಚಿ ನೋಡು" ಅಂದ.

ಮುಂದಿನ ಟೈರಿನ ಹೊರಭುಜದ ಮೇಲೆ ಕೈಯಾಡಿಸಿದೆ. ಸವೆದು ನುಣ್ಣಗಾಗಿತ್ತು, ಒಂದು ಕಡೆ ದಾರದ ಪದರು ಇಣುಕುತ್ತಿತ್ತು. ಹಿಂದಿನ ಟೈರು ಮುಟ್ಟಿದೆ. ಅಂಗಡಿಯಿಂದ ನಿನ್ನೆ ತಂದ ಹಾಗಿತ್ತು, ರಬ್ಬರಿನ ಮುಳ್ಳು ಕೂಡ ಉದುರಿರಲಿಲ್ಲ. ನಾಲ್ಕೂ ಟೈರು ಹಾಕಿಸಿದ್ದು ಒಂದೇ ದಿನ.

"ಮುಂದಿನ ಗಾಲಿನಽ ಎಳೀಬೇಕು" ಅಂದ ಅಪ್ಪ, ಬೆರಳು ಮಡಚುತ್ತ. "ಅದಽ ತಿರಗಬೇಕು, ಅದಽ ಬ್ರೇಕ್ ಹಿಡೀಬೇಕು, ಇಂಜಿನ್ನೂ ಅದಽ ಹೊರಬೇಕು. ಹಿಂದಿನಾವು ಬೀಗರಂಗ ಸುಮ್ಮ ಬೆನ್ನ ಹತ್ತಿ ಬರ್ತಾವು. ನಾ ಏನ ಮಾಡಿದೆ? ಸತ್ತು ದುಡಿಯಾವನ ಹೆಗಲ ಮ್ಯಾಲೆ ಇನ್ನೊಂದು ಚೀಲಾ ಹೇರಿದೆ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಈಗ ತಿಳೀತೇನ್ರಿ?" ಅಂದಳು ಅವ್ವ ಒಲೆಯ ಮುಂದಿನಿಂದಲೇ. "ಮೂವತ್ತು ವರ್ಷ ಆತು ಈ ಮನ್ಯಾಗ ಅದಽ ನಡದೈತಿ." ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಪ್ಪ ಕೆಮ್ಮಿ ಮೀಸೆ ಒರೆಸಿಕೊಂಡ.

ಅಂಗೈ ಹುಣ್ಣಿಗೆ ನಮಗೆ ಕನ್ನಡಿ ಬೇಕಾಗಿತ್ತು. ತಿರುವಿನಲ್ಲಿ ಗಾಡಿ ವಾಲಿದಾಗ ಎಲ್ಲ ಹೊರೆ ಮುಂದಿನ ಹೊರಗಾಲಿಯ ಮೇಲೆ ಬಿದ್ದು ಅದರ ಹಿಡಿತ ಸೋಲುತ್ತಿತ್ತು. ಮುಂದೆ ಗಟ್ಟಿ ಮಾಡಿದಷ್ಟೂ ಅದಕ್ಕೇ ಹೆಚ್ಚು ಹೊರೆ. ಅದರ ಬದಲು ಹಿಂದಿನವಕ್ಕೆ ಕೆಲಸ ಹಂಚಬೇಕು. ಹಾಗಾದರೆ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕೋಣವೇ ಎಂದೆ. ಈ ಸಲ ಬೇಡ ಅಂದವನು ಅಪ್ಪನೇ: ಪ್ರತಿ ತಗ್ಗಿಗೂ ಅವ್ವನ ಸೊಂಟ ಮುರಿಯುತ್ತದೆ. ನೆಟ್ಟನೆಯ ರಸ್ತೆಯಲ್ಲಿ ಮೆತ್ತಗೆ ಇರಬೇಕು, ತಿರುವಿನಲ್ಲಿ ಮಾತ್ರ ಗಟ್ಟಿಯಾಗಬೇಕು. ಅಂಥದ್ದೇನಾದರೂ ಇದೆಯೇ ಎಂದು ನಾನು ಮೊಬೈಲಿನಲ್ಲಿ ಹುಡುಕಿ ಒಂದು ಚಿತ್ರ ತೋರಿಸಿದೆ. ಎರಡು ಹಿಂದಿನ ಗಾಲಿಗಳ ನಡುವೆ ಅಡ್ಡಡ್ಡ ಕೂರುವ ಉಕ್ಕಿನ ಸರಳು. ಎರಡು ಗಾಲಿಯೂ ಒಟ್ಟಿಗೆ ಹಾರಿದರೆ ಅದು ಸುಮ್ಮನಿರುತ್ತದೆ. ಒಂದು ಮೇಲೆ ಒಂದು ಕೆಳಗೆ ಆಗಿ ಗಾಡಿ ವಾಲಿದಾಗ ಮಾತ್ರ ತಿರುಚಿಕೊಂಡು ತಡೆಯುತ್ತದೆ.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಇದು ಸ್ಟೆಬಿಲೈಜರ್ ರಾಡಲ್ಲೇನ? ಬಸ್ಸಿಗೆ, ಲಾರಿಗೆ ಎಷ್ಟ ಬಿಚ್ಚಿ ಹಾಕೀನಿ ನಾ. ಇಷ್ಟ ಸಣ್ಣ ಗಾಡಿಗೂ ಬರ್ತೈತಿ?" ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರು ಅಲೆದಿದ್ದೆವು. ಅವನ ಮುಖ ಅರಳಿದ್ದನ್ನು ನೋಡಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಮಹಾನವಮಿಗೆ ಒಂಬತ್ತು ದಿನ ಉಳಿದಿತ್ತು. ನನಗೆ ಆ ವಾರ ಎರಡನೇ ಪಾಳಿ, ಮುಂಜಾನೆಗಳೆಲ್ಲ ನಮ್ಮವು. ಅಟ್ಟದ ಮೇಲೆ ಒಗೆದಿದ್ದ ಹಳೆಯ ಮುಂದಿನ ಸ್ಪ್ರಿಂಗುಗಳನ್ನು ಇಳಿಸಿ ಮತ್ತೆ ಹಾಕಿದೆವು. ಅವುಗಳ ಜೊತೆಗಿದ್ದ, ಕುಲುಕಾಟ ತಡೆಯುವ ಶಾಕಪ್‌ಗಳು ಎಣ್ಣೆ ಸೋರಿ ಸತ್ತಿದ್ದವು, ಹೊಸವು ಬಂದವು. ಗಾಲಿಯ ತೋಳು ಹಿಡಿಯುವ ರಬ್ಬರ್ ಬುಶ್ಶುಗಳು ಒಣಗಿ ಬಿರುಕು ಬಿಟ್ಟಿದ್ದವು, ಅವನ್ನೂ ಬದಲಿಸಿದೆವು. ಸವೆದ ಎರಡು ಟೈರು ಬದಲಾದವು. ಗುರುವಾರ ಕೊರಿಯರಿನಲ್ಲಿ ಸರಳು ಬಂತು. ಜೊತೆಗೆ ಬಂದಿದ್ದ ಕ್ಲಾಂಪು ಬೋಲ್ಟುಗಳನ್ನು ಅಪ್ಪ ಅಂಗೈಯಲ್ಲಿಟ್ಟು ತೂಗಿ ನೋಡಿದ. "ಇದು ಸೈಕಲ್ಲಿಗೆ ಇರಬೇಕು" ಎಂದು ಪಕ್ಕಕ್ಕೆ ಸರಿಸಿದ. ಲಾರಿಯ ಪಾಟಾ ಕಟ್ಟನ್ನು ಅಚ್ಚಿಗೆ ಬಿಗಿಯುವುದು ಯು ಆಕಾರದ ಬೋಲ್ಟಿನಿಂದ. ಅಂಥವೇ ಎರಡನ್ನು, ನನ್ನ ಕಿರುಬೆರಳಿನ ದಪ್ಪದವನ್ನು, ಕಾಯಿಸಿ ಬಾಗಿಸಿ ತುದಿಗೆ ತಿರುಪಿನ ಮರೆ ಕೊರೆದು ತಾನೇ ಮಾಡಿದ. ಬಹಳ ದಿನಗಳ ಮೇಲೆ ಕುಲುಮೆಯಲ್ಲಿ ಬೆಂಕಿ ಕೆಂಪಗೆ ಉರಿಯುತ್ತಿತ್ತು, ಅಪ್ಪ ಏನೋ ಗುನುಗುತ್ತಿದ್ದ.

ಸರಳಿನ ತುದಿಯಲ್ಲಿ ಎರಡು ತೂತು ಇದ್ದವು: ಒಂದಕ್ಕೆ ಹಾಕಿದರೆ ಮೆತ್ತಗೆ, ಇನ್ನೊಂದಕ್ಕೆ ಹಾಕಿದರೆ ಬಿರುಸು. ನಾನು ಬಿರುಸಿಗೇ ಹಾಕಿಸಿದೆ. ರವಿವಾರ ನಸುಕಿನಲ್ಲಿ ಒಂದು ಮಳೆ ಬಂದು ಹೋಗಿತ್ತು, ವೆರ್ಣಾದ ರಸ್ತೆ ಹಸಿಯಾಗಿತ್ತು. ನಲವತ್ತರಲ್ಲಿ ತಿರುಗಿಸಿದೆ. ಗಾಡಿ ಎಂಥ ಚುರುಕಾಗಿ ತಿರುಗಿತೆಂದರೆ ಹಿಂಭಾಗ ನನಗಿಂತ ಮೊದಲು ಮನೆಗೆ ಹೊರಟ ಹಾಗೆ ಹೊರಕ್ಕೆ ಜಾರಿತು. ಕಾವಲುಗಾರ ಕುರ್ಚಿಯಿಂದ ಎದ್ದು, "ಅಕ್ಕಾರ, ಹಿಂದಿಂದು ಕುಣ್ಯಾಕತ್ತೇತ್ರಿ" ಅಂದ. ನಾನು ಇಳಿದು, ಕುಣಿದರೂ ಹಿಡಿಯಬಲ್ಲೆ ಎಂದು ಜಂಬ ಕೊಚ್ಚಿದೆ.

"ನೀ ರೇಸಿಗೆ ಹೊಂಟಿಲ್ಲ" ಅಂದ ಅಪ್ಪ, ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ತೆವಳುತ್ತ. "ನಿಮ್ಮವ್ವನ್ನ ಕರಕೊಂಡು ಹೊಂಟೀದಿ."

ಮೆತ್ತಗಿನ ತೂತಿಗೆ ಬಂತು. ಮತ್ತೆ ನಲವತ್ತು. ಈಗ ಗಾಡಿ ಹೇಳಿದಷ್ಟೇ ತಿರುಗಿತು, ಹಿಂದಿನ ಗಾಲಿಗಳು ನೆಲ ಹಿಡಿದು ತಮ್ಮ ಪಾಲಿನ ಕೆಲಸ ಮಾಡುತ್ತಿರುವುದು ಸೀಟಿನಲ್ಲೇ ಗೊತ್ತಾಗುತ್ತಿತ್ತು. ಅಪ್ಪ ದಾರ ಹಿಡಿದ. ಸುಣ್ಣ ಅಳಿಸಿದ್ದು ಮೊದಲ ಗಂಟಿಗಿಂತ ಒಂದು ಗೇಣು ಒಳಗೆ. ಆತ ಮೂರನೆಯ ಗಂಟು ಹಾಕಿ ದಾರವನ್ನು ಕಣ್ಣಿಗೆ ಒತ್ತಿಕೊಂಡ. ನಾನು ರಸ್ತೆಯ ನಡುವೆಯೇ ಕುಣಿದೆ, ಕಾವಲುಗಾರ ಚಪ್ಪಾಳೆ ತಟ್ಟಿದ.

ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಆಕೆಗೆ ನಂಬಿಕೆಯಿಲ್ಲ. "ನಿಮ್ಮ ಸೀಮಿಸುಣ್ಣದ ಗೆರಿ ನೀವಽ ನಂಬ್ರಿ. ನಾ ಕಣ್ಣಾರೆ ನೋಡಬೇಕು" ಅಂದಳು. ಸರಿ, ಗಾಡಿ ಹತ್ತು ಅಂದರೆ ಹತ್ತಲಿಲ್ಲ. ರಂಗೋಲಿಯ ಡಬ್ಬಿ, ನಮ್ಮ ಮಧ್ಯಾಹ್ನದ ರೊಟ್ಟಿಯ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಬಸ್ಸಿನ ಹಿಂದೆ ನಾವಿಬ್ಬರು ಖಾಲಿ ಸೀಟಿನ ಕಾರಿನಲ್ಲಿ ಮೆಲ್ಲಗೆ ಹೋದೆವು.

ಸರ್ಕಲ್ಲಿನ ಹತ್ತಿರ ಬಂದು ಆಕೆ ಮೊದಲ ಗಂಟು ಎಲ್ಲಿ ಬರುತ್ತದೆಂದು ಕೇಳಿದಳು. ಅಲ್ಲಿ ರೊಟ್ಟಿ ಡಬ್ಬಿ ಇಟ್ಟಳು. "ಇದು ಘಾಟಿನ ಆ ಗ್ವಾಡಿ ಅಂತ ತಿಳಿ" ಅಂದಳು. ಡಬ್ಬಿಯಿಂದ ಒಳಮುಖವಾಗಿ ರಂಗೋಲಿ ಪುಡಿಯ ಅಗಲವಾದ ಪಟ್ಟಿ ಬಿಟ್ಟಳು. ದಿನವೂ ಹೊಸ್ತಿಲ ಮುಂದೆ ಎಳೆಯುವ ಕೈ, ಒಂದು ಕಡೆಯೂ ಅಂಕು ಇಲ್ಲ. ಆಮೇಲೆ ಕಿಟಕಿಯ ಹತ್ತಿರ ಬಂದು ಬಗ್ಗಿದಳು.

"ಅವತ್ತ ಎಷ್ಟ ಸ್ಪೀಡ ಇತ್ತು? ಖರೇ ಹೇಳು."

ಅಪ್ಪ ನನ್ನ ಕಡೆ ನೋಡಿದ. ಸುಳ್ಳು ಹೇಳಲು ಈಗ ಜಾಗವಿರಲಿಲ್ಲ. "ಐವತ್ತು" ಅಂದೆ.

"ನನಗ ಗೊತ್ತಿತ್ತು. ಈಗೂ ಅಷ್ಟಽ ಬಿಡು."

ರಸ್ತೆ ಇನ್ನೂ ಪೂರ್ತಿ ಆರಿರಲಿಲ್ಲ. ನಾವು ಅಳೆದದ್ದೆಲ್ಲ ನಲವತ್ತಕ್ಕೆ. ಡಬ್ಬಿ ಅಪ್ಪಚ್ಚಿಯಾದರೆ ಕಾರು ಹೋಯಿತು, ಅದಕ್ಕಿಂತ ಹೆಚ್ಚಾಗಿ ಅವ್ವನ ನಂಬಿಕೆ ಹೋಯಿತು. ಇನ್ನೊಂದು ಸಲ ಕೇಳುವ ಮುಖ ನನಗಿರುವುದಿಲ್ಲ. ದೂರದಿಂದ ಬಂದೆ, ಮುಳ್ಳು ಐವತ್ತಕ್ಕೆ ನಿಲ್ಲಿಸಿದೆ, ತಿರುಗಿಸಿದೆ. ಗಾಡಿ ತಿರುಗಿತು. ಟೈರಿನ ಕೂಗಿಲ್ಲ, ಜಾರಾಟವಿಲ್ಲ, ನನ್ನ ಕೈ ಹೋದಲ್ಲಿ ಮೂಗು ಹೋಯಿತು, ಮೂಗು ಹೋದಲ್ಲಿ ಬಾಲ ಬಂತು. ಕನ್ನಡಿಯಲ್ಲಿ ನೋಡಿದರೆ ಡಬ್ಬಿ ಬಿಸಿಲಿಗೆ ಮಿನುಗುತ್ತ ಇಟ್ಟಲ್ಲೇ ಕುಳಿತಿತ್ತು.

ಅವ್ವ ಕುಕ್ಕರುಗಾಲಲ್ಲಿ ಕುಳಿತು ರಂಗೋಲಿಯಲ್ಲಿ ಮೂಡಿದ ಗಾಲಿಯ ಗುರುತಿನಿಂದ ಡಬ್ಬಿಯವರೆಗೆ ತನ್ನ ಬೆರಳು ಹಾಕಿದಳು. ನಾಲ್ಕು ಬೆರಳು, ಆಮೇಲೆ ಇನ್ನೆರಡು. ಎರಡನೆಯ ಸಲ ಹಾಕಿದಳು. ಸೀರೆಗೆ ಹತ್ತಿದ ಪುಡಿ ಕೊಡವಿ ಎದ್ದು, "ನಾಡಿದ್ದ ಖಂಡೇ ಪೂಜಿ. ಗಾಡಿ ತೊಳದ ನಿಲ್ಲಸು" ಅಂದಳು. ಗೆದ್ದಾಗಲೂ ಅಳು ಬರುತ್ತದೆ ಅನ್ನುವುದು ನನಗೆ ಅವತ್ತೇ ತಿಳಿದದ್ದು. ಗೇಟಿನ ನೆರಳಿನಲ್ಲಿ ನಾಲ್ವರೂ ರೊಟ್ಟಿ, ಬದನೆಕಾಯಿ ಪಲ್ಯ ತಿಂದೆವು. ಕಾವಲುಗಾರನಿಗೆ ಎರಡು ರೊಟ್ಟಿ ಹೆಚ್ಚು ಬಿತ್ತು.

"ಇನ್ನರ ಗಾಡ್ಯಾಗ ಬಾ ಅವ್ವಾ" ಅಂದೆ ಹೊರಡುವಾಗ.

"ಪೂಜಿ ಆಗಿಲ್ಲಲ್ಲ ಇನ್ನ" ಎಂದು ಬಸ್ ಸ್ಟಾಪಿನ ಕಡೆ ನಡೆದಳು.

ಮಹಾನವಮಿಯಂದು ಸುತ್ತಿಗೆ, ಇಕ್ಕಳ, ಅಡಿಗಲ್ಲಿನ ಸಾಲಿನಲ್ಲಿ ಅಪ್ಪ ಮೂರು ಗಂಟಿನ ಆ ದಾರವನ್ನೂ ಇಟ್ಟ. ಅವ್ವ ಅದಕ್ಕೂ ಒಂದು ಚಿಟಿಕೆ ಅರಿಷಿಣ ಕುಂಕುಮ ಹಾಕಿದಳು. ಕಾರಿಗೆ ಮುಂದಿನ ಎರಡು ಗಾಲಿಗೆ ಹಚ್ಚಿ, ಸುತ್ತಿ ಹಿಂದಕ್ಕೆ ಹೋಗಿ, ಅಲ್ಲಿಯ ಎರಡಕ್ಕೂ ಅಷ್ಟೇ ದೊಡ್ಡ ಬೊಟ್ಟು ಇಟ್ಟಳು. "ದುಡದಾವಕ್ಕ ಹಚ್ಚಬೇಕು" ಅಂದಳು.

ದಶಮಿಯಂದು ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ, ಕೈಯಲ್ಲಿ ಲಿಂಬೆಹಣ್ಣು, ಮಡಿಲಲ್ಲಿ ಆ ಹಳೆಯ ಪ್ಲಾಸ್ಟಿಕ್ ಚೀಲ. ಅಪ್ಪ ಹಿಂದೆ, ಕಾಲಬುಡದಲ್ಲಿ ಪಾನಾಗಳ ಗಂಟು. ಘಾಟು ಹತ್ತುವಾಗ ಆಕೆ ಹಿಡಿಕೆ ಹಿಡಿದೇ ಇದ್ದಳು, ತಿರುವಿಗೊಮ್ಮೆ "ಕಾಳವ್ವಾ, ಕಾಳವ್ವಾ" ಎಂದು ಮನೆದೇವರನ್ನು ಕರೆಯುತ್ತಿದ್ದಳು. ಸಂಜೆ ದೊಡ್ಡವ್ವನ ಅಂಗಳದಲ್ಲಿ ಅಕ್ಕತಂಗಿ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಅಪ್ಪಿಕೊಂಡರು. ಬರುವಾಗ ದಾರಿ ಹೆಂಗಿತ್ತು ಎಂದು ದೊಡ್ಡವ್ವ ಕೇಳಿದ್ದಕ್ಕೆ, "ಇಳಿಯೂದು ಬಾಕಿ ಐತಿ" ಅಂದಳು ಅವ್ವ. ಹೌದು, ನನಗೂ ಅದೇ ಬಾಕಿ ಇತ್ತು. ಜಾರಿದ್ದು ಇಳಿಯುವಾಗ.

ಮರುದಿನ ವಾಪಸ್ ಬರುವಾಗ, ಘಾಟಿಗೆ ಮುಂಚೆ ಸಿಗುವ ರಾಮನಗರದಲ್ಲಿ ನಿಲ್ಲಿಸಿದಾಗ ಅಪ್ಪ ರಸ್ತೆಬದಿಯ ಮಣ್ಣಿನಲ್ಲಿ ಮಲಗಿ ತನ್ನ ಯು-ಬೋಲ್ಟುಗಳನ್ನು ಒಂದು ಸಲ ಬಿಗಿದು ನೋಡಿದ. ಘಾಟಿನ ಇಳಿಜಾರು ಶುರುವಾಯಿತು. ನಾನು ಮೂವತ್ತೈದು ದಾಟಲಿಲ್ಲ. ಸರಳು ಹಾಕಿದ್ದು ಜೋರು ಬಿಡುವುದಕ್ಕಲ್ಲ ಅನ್ನುವುದು ಆ ಹೊತ್ತಿಗೆ ನನ್ನ ತಲೆಗೂ ಹೋಗಿತ್ತು. ಮೊದಲನೆಯ ತಿರುವಿನಲ್ಲಿ ಕಾಳವ್ವನ ಹೆಸರು ಕೇಳಿತು. ಎರಡನೆಯದರಲ್ಲಿ ಸಣ್ಣಗೆ ಕೇಳಿತು. ಆಮೇಲೆ ಕೇಳಲಿಲ್ಲ. ಕಣ್ಣು ರಸ್ತೆಯಿಂದ ತೆಗೆಯುವ ಧೈರ್ಯವಿಲ್ಲದೆ ಎರಡು ತಿರುವು ದಾಟಿದೆ. ಸುಣ್ಣ ಬಳಿದ ಮೋಟು ಗೋಡೆ ಬಂತು. ಸ್ಟೇರಿಂಗ್ ತಿರುಗಿಸಿದೆ, ಗಾಡಿ ತಿರುಗಿತು, ಗೋಡೆ ಪಕ್ಕದಲ್ಲಿ ಸುಮ್ಮನೆ ಹಾದು ಹಿಂದೆ ಹೋಯಿತು. ಆಗ ಮಾತ್ರ ಎಡಕ್ಕೆ ನೋಡಿದೆ. ಅವ್ವನ ಕೈ ಹಿಡಿಕೆಯಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಲಿಂಬೆಹಣ್ಣು ಕಾಲಬುಡಕ್ಕೆ ಉರುಳಿತ್ತು. ಬಾಯಿ ಸ್ವಲ್ಪ ತೆರೆದು, ತಲೆ ಕಿಟಕಿಗೆ ಆನಿಸಿ, ಗೊರಕೆ ಹೊಡೆಯುತ್ತಿದ್ದಳು.

ಕನ್ನಡಿಯಲ್ಲಿ ಅಪ್ಪ ತುಟಿಯ ಮೇಲೆ ಬೆರಳಿಟ್ಟು, ಎಬ್ಬಿಸಬೇಡ ಎಂದು ಸನ್ನೆ ಮಾಡಿದ. ಅವನ ಕಣ್ಣು ತುಂಬಿತ್ತು, ಮೀಸೆಯ ಕೆಳಗೆ ನಗುತ್ತಿದ್ದ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿರಲಿಲ್ಲ.

ಘಾಟಿನ ಬುಡದ ಮೋಲೆಂ ದಾಟಿ, ಬಯಲು ರಸ್ತೆಯಲ್ಲಿ ಬಹಳ ದೂರ ಬಂದ ಮೇಲೆ ಆಕೆ ಬೆಚ್ಚಿ ಎದ್ದು ಹಿಡಿಕೆಗೆ ಕೈ ಹಾಕಿದಳು. "ಘಾಟ ಬಂತೇನು?"

"ಘಾಟ ಮುಗದು ಅರ್ಧಾ ತಾಸಾತವ್ವಾ" ಅಂದೆ.

ಅವ್ವ ಹೊರಗೆ ನೋಡಿದಳು, ಹಿಂದೆ ಅಪ್ಪನನ್ನು ನೋಡಿದಳು, ಕೊನೆಗೆ ತನ್ನ ಮಡಿಲನ್ನು ನೋಡಿದಳು. ಮುಂದೆ ಒಂದು ಚಹಾದ ಅಂಗಡಿ ಕಂಡಾಗ ನಿಲ್ಲಿಸಲು ಹೇಳಿ ಇಳಿದಳು. ಮಡಿಲಲ್ಲಿದ್ದ ಆ ಪ್ಲಾಸ್ಟಿಕ್ ಚೀಲವನ್ನು ಗಾಳಿಗೆ ಹಿಡಿದು ಒಮ್ಮೆ ಝಾಡಿಸಿ, ಅಂಗಡಿಯವನ ಮುಂದೆ ಬಾಯಿ ಅಗಲಿಸಿ ಹಿಡಿದು, ಮೂವರಿಗೂ ಬಿಸಿ ಮಿರ್ಚಿ ಭಜಿ ಹಾಕಿಸಿಕೊಂಡು ಬಂದಳು.